ತೌರು ಕೇಳಿದರೆ ಹೇಳುವ ಮಾತು

ನನ್ನ ನೌಕರಿ ಸೊಸೆಯದು. ಮನೆಯಲ್ಲೂ ಸೊಸೆಯೇ, ಆದರೆ ಅಲ್ಲಿ ಪಗಾರ ಇಲ್ಲ. ಇಲ್ಲಿ ಇದೆ. ಗಂಗಾವತಿಯಿಂದ ಹಿಟ್ನಾಳದ ಕಡೆಗೆ ಹೋಗುವ ದಾರಿಯಲ್ಲಿ ಒಂದು ಪಾರ್ಕ್ ಇದೆ. ಮುಂದಿನ ಭಾಗದಲ್ಲಿ ನೀರಿನ ಜಾರುಬಂಡೆ, ತಿರುಗುವ ತೊಟ್ಟಿಲು, ಐಸ್‌ಕ್ರೀಮ್ ಅಂಗಡಿ. ಅದನ್ನು ದಾಟಿ ಹಿಂದೆ ಹೋದರೆ 'ಹಳ್ಳಿ'. ಸಿಮೆಂಟಿನ ಎತ್ತು, ಸಿಮೆಂಟಿನ ಎಮ್ಮೆ, ಹಗ್ಗ ಇದ್ದು ನೀರಿಲ್ಲದ ಬಾವಿ, ನಡುವೆ ಕಂಬಗಳ ಪಡಸಾಲೆಯ ಒಂದು ಮನೆ. ಬೇಲಿಯಾಚೆ ನಿಜವಾದ ಎಮ್ಮೆಗಳು ಮೇಯುತ್ತಿರುತ್ತವೆ. ಅವುಗಳ ಫೋಟೊ ಯಾರೂ ತೆಗೆಯುವುದಿಲ್ಲ.

ಬೆಳಿಗ್ಗೆ ಇಳಕಲ್ ಸೀರೆ ಉಟ್ಟು ಆ ಮನೆಯ ಹೊಸ್ತಿಲು ದಾಟಿದರೆ ಮುಗಿಯಿತು, ಸಂಜೆ ಗೇಟು ಹಾಕುವವರೆಗೆ ನಾನು ಅಲ್ಲಿಯವಳು. ಬಂದ ಗಿರಾಕಿಗಳು ನಮಗೆ ಗಿರಾಕಿಗಳಲ್ಲ, ಬೀಗರು. ಫೋನು ಮುಟ್ಟಬಾರದು, ವಾಚು ಕಟ್ಟಬಾರದು. ಚಷ್ಮಾ ಸಹ ಹಾಕಬಾರದು, ಹಳ್ಳಿ ಸೊಸೆಗೆ ಚಷ್ಮಾ ಎಲ್ಲಿಯದು ಅಂತ ಮ್ಯಾನೇಜರ್ ಅವರ ವಾದ. ಅವರು ಹಳ್ಳಿ ನೋಡಿದ್ದು ಯಾವ ಕಾಲದಲ್ಲೋ ದೇವರಿಗೇ ಗೊತ್ತು. ಎಷ್ಟು ಓದಿದ್ದೀಯ ಅಂತ ಯಾರಾದರೂ ಕೇಳಿದರೆ "ಸಾಲಿ ಮೆಟ್ಟಲಾ ಹತ್ತಿಲ್ರಿ" ಅನ್ನಬೇಕು. ಬಿ.ಎ. ಮುಗಿಸಿ, ಒಂದು ಖಾಸಗಿ ಶಾಲೆಯಲ್ಲಿ ಇತಿಹಾಸ ಹೇಳಿ, ಆ ಶಾಲೆ ಮುಚ್ಚಿದ ಮೇಲೆ ಇಲ್ಲಿಗೆ ಬಂದವಳು ನಾನು. ಮೊದಮೊದಲು ಆ ಮಾತು ಗಂಟಲಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಆಮೇಲೆ ಸಲೀಸಾಗಿ ಹೊರಬರತೊಡಗಿತು, ನಗುವಿನ ಸಮೇತ.

ನನ್ನ ಅತ್ತೆಯ ಪಾತ್ರ ಕುಷ್ಟಗಿ ಕಡೆಯ ಒಬ್ಬಾಕೆಯದು. ಹಿಂದೆ ನಾಟಕ ಕಂಪನಿಯಲ್ಲಿ ಇದ್ದವರು. ಕೆಲಸ ಮುಗಿದ ಮೇಲೆ ನಾನು ಅವರಿಗೆ 'ಅಕ್ಕಾರ' ಅನ್ನುತ್ತೇನೆ, ಬೀಗರ ಮುಂದೆ 'ಅತ್ತಿ'. ಒಲೆಯ ಮುಂದೆ ಕೂತು ನಾನು ಒಂದೇ ಒಂದು ರೊಟ್ಟಿ ಬಡಿಯುತ್ತೇನೆ, ಎಲ್ಲರೂ ಫೋಟೊ ತೆಗೆಯುವವರೆಗೂ ಬಡಿಯುತ್ತಲೇ ಇರುತ್ತೇನೆ. ಪಂಕ್ತಿಗೆ ಬಡಿಸುವ ರೊಟ್ಟಿ ಗಂಗಾವತಿಯ ಖಾನಾವಳಿಯಿಂದ ಟೆಂಪೊದಲ್ಲಿ ಬರುತ್ತದೆ. ಅಷ್ಟರಲ್ಲಿ ಅತ್ತೆ ನನ್ನನ್ನು ಬೈಯಬೇಕು: "ಕೈಯಾಗ ಜೀವ ಇಲ್ಲೇನ ನಿನಗ? ಬೀಗರು ಹಸದ ಕುಂತಾರ!" ಬೀಗರು ನಗಬೇಕು. ನಗುತ್ತಾರೆ.

ಇಲ್ಲಿಯವರೆಗೆ ಎಲ್ಲ ತಮಾಷೆ. ಮುಂದಿನದನ್ನು ಹೇಳಲು ನಾಲಿಗೆ ತಡವರಿಸುತ್ತದೆ.

ಒಂದು ಭಾನುವಾರ ಬೆಂಗಳೂರು ಕಡೆಯ ಹೆಂಗಸೊಬ್ಬರು ಊಟದ ನಡುವೆ "ನಿಮ್ಮ ತವರು ಎಲ್ಲಮ್ಮ?" ಅಂದರು. "ಭಾಳ ದೂರ ಐತ್ರಿ" ಅನ್ನುವುದು ನಮಗೆ ಕಲಿಸಿದ ಉತ್ತರ. ಅಷ್ಟಕ್ಕೆ ಅವರು ಬಿಡಲಿಲ್ಲ. ಅಮ್ಮ ನೋಡಲು ಬರ್ತಾರಾ, ಹಬ್ಬಕ್ಕೆ ಕಳಿಸ್ತಾರಾ, ಒಂದರ ಹಿಂದೆ ಒಂದು. ಹಸಿ ಕಟ್ಟಿಗೆಯ ಹೊಗೆಗೆ ಕಣ್ಣು ಉರಿಯುತ್ತಿತ್ತು, ತಲೆ ಕೆಟ್ಟಿತ್ತು. "ನಮ್ಮವ್ವ ಇಲ್ರಿ. ನಾ ಸಣ್ಣಾಕಿದ್ದಾಗನ ತೀರ್ಕೊಂಡ್ಲು" ಅಂದುಬಿಟ್ಟೆ. ಆ ಹೆಂಗಸು ಎದ್ದು ಬಂದು ನನ್ನ ಬೆನ್ನು ಸವರಿದರು. ಹೊಗೆಯ ಕಣ್ಣೀರು ಇತ್ತಲ್ಲ, ಅದೂ ಹೊತ್ತಿಗೆ ಸರಿಯಾಗಿ ಇಳಿಯಿತು. ಕಂಪನಿಯಲ್ಲಿ ಪಳಗಿದ ಅತ್ತೆ ಹಿಂದೆ ಬೀಳುವವರೇ? "ಪರದೇಸಿ ಕೂಸರೀ ಇದು, ನಾನ ತಂದು ಮನಿ ತುಂಬಿಸ್ಕೊಂಡೀನಿ" ಅಂತ ತಾವೂ ಸೆರಗು ಕಣ್ಣಿಗೆ ಒತ್ತಿಕೊಂಡರು.

ಮ್ಯಾನೇಜರ್ ಕಂಬದ ಮರೆಯಿಂದ ಎಲ್ಲ ನೋಡಿದ್ದರು. ಸಂಜೆ ಕರೆದು, "ಇದನ್ನ ಕಾಯಂ ಮಾಡ್ರಿ. ಭಾಳ ಛಲೋ ಬಂತು" ಅಂದರು. ಅಲ್ಲಿಗೆ ನಮ್ಮವ್ವ ದಿನಾ ಮಧ್ಯಾಹ್ನದ ಪಂಕ್ತಿಯಲ್ಲಿ ತೀರಿಕೊಳ್ಳತೊಡಗಿದಳು.

ಆ ಹೊತ್ತಿಗೆ ಅವ್ವ ಇರಕಲ್ಲಗಡದಲ್ಲಿ ಎಮ್ಮೆಗೆ ಹಿಂಡಿ ಕಲಸುತ್ತಿರುತ್ತಾಳೆ. ಗುಂಡುಕಲ್ಲಿನ ಹಾಗೆ ಇದ್ದಾಳೆ. ನಿಜವಾಗಿ ತೀರಿಕೊಂಡವನು ಅಪ್ಪ, ನಾನು ಇನ್ನೂ ತೆವಳುವಾಗ. ಆಮೇಲೆ ಹಾಲು ಮಾರಿ ನನ್ನನ್ನು ಓದಿಸಿದವಳು ಈಕೆ ಒಬ್ಬಳೇ. ಅಪ್ಪ ಇಲ್ಲ ಅಂತ ನಿಜವನ್ನೇ ಹೇಳಬಹುದಿತ್ತು. ಒಂದೆರಡು ಸಲ ಹೇಳಿಯೂ ನೋಡಿದೆ. ಜನ "ಹೌದಾ" ಅಂದು ಇನ್ನೊಂದು ರೊಟ್ಟಿ ಕೇಳಿದರು. ಅವ್ವ ಸತ್ತಳು ಅಂದರೇನೇ ಅವರಿಗೆ ಕರುಳು ಚುರ್ ಅನ್ನುವುದು. ಇದನ್ನು ನಾನು ಲೆಕ್ಕ ಹಾಕಿ ಕಂಡುಕೊಂಡೆನಲ್ಲ, ಥೂ, ಅದಕ್ಕೇ ನನಗೆ ನನ್ನ ಮುಖ ನೋಡಿಕೊಳ್ಳಲು ಹೇಸಿಗೆ.

ನಾನು ಪಾರ್ಕಿನಲ್ಲಿ ಪಾತ್ರ ಹಾಕಿ ಬಡಿಸುತ್ತೇನೆ ಅನ್ನುವುದು ಅವ್ವನಿಗೆ ಗೊತ್ತಿತ್ತು. ಅದರಲ್ಲಿ ಅವಳಿಗೆ ಹೆಮ್ಮೆಯೇ. ಫೋನು ಮಾಡಿದಾಗಲೆಲ್ಲ "ಇವತ್ತ ಎಷ್ಟ ಮಂದಿಗೆ ಉಣ್ಣಾಕ ನೀಡಿದ್ಯವ್ವಾ? ಪುಣ್ಯೇದ ಕೆಲಸ" ಅನ್ನುತ್ತಿದ್ದಳು. ಆ ಒಂದು ಮಾತು ಮಾತ್ರ ಅವಳಿಗೆ ಗೊತ್ತಿರಲಿಲ್ಲ, ಯಾವತ್ತೂ ಗೊತ್ತಾಗಬಾರದಿತ್ತು. ನಾನು ಹೆದರಿಕೊಂಡಿದ್ದು ಅದೊಂದಕ್ಕೇ.

ಹೀಗಿರುವಾಗ ಒಂದು ದಿನ ಫೋನಿನಲ್ಲಿ, "ಸಂಘದ ಹೆಣ್ಮಕ್ಕಳು ಆನೆಗೊಂದಿ ಕಡೆ ಹೊಂಟೀವಿ. ಬರೂ ಮುಂದ ನಿನ್ನ ಪಾರ್ಕಿಗೂ ಬರ್ತೀವಿ" ಅಂದಳು.

"ಬ್ಯಾಡಬೇ, ಬಿಸಲ ಭಾಳ ಐತಿ. ಟಿಕೆಟ್ ಬ್ಯಾರೆ ತುಟ್ಟಿ."

"ಮಗಳ ಕಡೆ ಬರಾಕ ಯಾವ ಬಿಸಲಾ? ಸುಮ್ನಿರು."

ಅವಳನ್ನು ತಡೆಯುವುದು ಆಗದ ಮಾತು. ಕೊನೆಗೆ, "ಬಂದ್ರ ಬಾ. ಆದ್ರ ನನ್ನ ಗುರ್ತ ಹಿಡೀಬ್ಯಾಡ. ಕೆಲಸದ ಹೊತ್ತಿನಾಗ ನಾವು ಯಾರ ಗುರ್ತಾನೂ ಹಿಡಿಯಂಗಿಲ್ಲ, ಅದು ಅಲ್ಲಿ ನೇಮ. ಉಂಡು ಸುಮ್ನ ಹೋಗ್ಬೇಕ" ಅಂದೆ. ಅವ್ವ ಫೋನಿನಲ್ಲೇ ನಕ್ಕಳು. "ಅಷ್ಟ ಹೌದಲ್ಲ? ಬಿಡು, ನಾನೂ ನಾಟಕ ಮಾಡ್ತೀನಿ."

ಆ ಮಾತಿಗೆ ನಾನು ಅವತ್ತೇ ಹೆದರಬೇಕಿತ್ತು.

ಅವರು ಬರುವ ದಿನ ಬೆಳಿಗ್ಗೆ ಸೀರೆ ಉಡುವಾಗ ಅತ್ತೆಯ ಪಾತ್ರದ ಅಕ್ಕನವರ ಕೈ ಹಿಡಿದುಕೊಂಡೆ. "ಅಕ್ಕಾರ, ಇವತ್ತ ಆ ಪರದೇಸಿ ಮಾತು ಎತ್ತಬ್ಯಾಡ್ರಿ. ನಮ್ಮವ್ವ ಬರಾಕತ್ಯಾಳ." ಅವರು ನನ್ನ ಕಡೆ ತಿರುಗಿದರು. "ಅಯ್ಯ ಶಿವನ! ನಿಮ್ಮವ್ವ ಇನ್ನಾ ಅದಾರನು?" ಅಂದರು. ದಿನಾ ನನ್ನ ಜೊತೆ ಅತ್ತವರು, ಅವರೂ ನಿಜ ಅಂದುಕೊಂಡಿದ್ದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಪಾಪ, ಅವರು ಹೆಚ್ಚು ಕೆದಕಲಿಲ್ಲ. "ಆತು ತಂಗಿ, ನಾ ಎತ್ತಂಗಿಲ್ಲ. ಗಿರಾಕಿ ಯಾರರ ಕೇಳಿದ್ರ ನಡಕ ಮಜ್ಜಿಗಿ ತಂದು ಮಾತ ಮರಸ್ತೀನಿ" ಅಂದರು.

ಮಧ್ಯಾಹ್ನ ಕ್ರೂಸರ್ ಗಾಡಿ ಬಂದು ನಿಂತ ಸಪ್ಪಳ ಕೇಳಿತು. ಚಷ್ಮಾ ಇಲ್ಲದ ಕಣ್ಣಿಗೆ ಬಾಗಿಲಲ್ಲಿ ಬರೀ ಬಣ್ಣಬಣ್ಣದ ಸೀರೆಗಳು. ನಗುವಿನಿಂದ ಅವ್ವ ಯಾರು ಅಂತ ಗುರುತು ಸಿಕ್ಕಿತು. ಹತ್ತಿರ ಬಂದಾಗ ನೋಡಿದೆ, ಪೆಟ್ಟಿಗೆಯಲ್ಲಿ ಮಡಿಚಿಟ್ಟಿದ್ದ ಸೀರೆ ಉಟ್ಟು ಬಂದಿದ್ದಳು, ನಿರಿಗೆ ಇನ್ನೂ ಗರಿಗರಿ ಇತ್ತು. ನಾನು ಕಲಿತಂತೆ ಕೈ ಮುಗಿದೆ. "ಬರ್ರಿ ಯವ್ವಾರ. ಯಾವೂರಿಂದ ಬಂದ್ರಿ? ಕೈಕಾಲ ತೊಳಕೊಂಡ ಒಳಗ ಬರ್ರಿ."

ಹುಟ್ಟಿದಾಗಿನಿಂದ ಅವ್ವನಿಗೆ 'ರಿ' ಹಚ್ಚಿ ಮಾತಾಡಿದವಳಲ್ಲ ನಾನು. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ಹಿಂದಿದ್ದ ಹೆಂಗಸರು ಒಬ್ಬರನ್ನೊಬ್ಬರು ಚಿವುಟುತ್ತಿದ್ದರು. ಎಲ್ಲರಿಗೂ ಹೇಳಿಯೇ ಕರೆತಂದಿದ್ದಳು, ಮಹಾರಾಯಿತಿ.

ಅವತ್ತೇ ಪಾರ್ಕಿನ ವಿಡಿಯೊ ತೆಗೆಯಲು ಒಬ್ಬಾತ ಬಂದಿದ್ದ. ಕ್ಯಾಮೆರಾ ಕೋಲಿಗೆ ಸಿಗಿಸಿಕೊಂಡು ಪಂಕ್ತಿಯ ತುದಿಯಲ್ಲಿ ನಿಂತಿದ್ದ, ಪಕ್ಕದಲ್ಲಿ ಮ್ಯಾನೇಜರ್. ಇರಕಲ್ಲಗಡದವರ ಎದುರು ಸಾಲಿನಲ್ಲಿ ಹೊರ ಊರಿನ ಒಂದು ಕುಟುಂಬ ಕೂತಿತ್ತು. ನಾನು ರೊಟ್ಟಿ, ಎಣಗಾಯಿ, ಕಾಳುಪಲ್ಯ ಬಡಿಸುತ್ತಾ ಬಂದೆ. ಅವ್ವ ರೊಟ್ಟಿ ಮುರಿದು ಬಾಯಿಗಿಟ್ಟು, ಎಲ್ಲರಿಗೂ ಕೇಳುವ ಹಾಗೆ, "ರೊಟ್ಟಿ ಭಾಳ ಛಲೋ ಅದಾವಲ್ಲವಾ. ಯಾರು ಬಡದಾರ?" ಅಂದಳು.

"ನಾನರಿ."

ನನ್ನ ರೊಟ್ಟಿಯ ಅಂಚು ಇವತ್ತಿಗೂ ಒಡೆಯುತ್ತದೆ. ಅದು ಅವಳಿಗೆ ಗೊತ್ತಿಲ್ಲವೇ? ಆದರೂ ಗಂಭೀರವಾಗಿ ತಲೆ ಆಡಿಸಿ, "ಹಂಗಾರ ನಿಮ್ಮವ್ವ ಛಲೋ ಕಲಿಸ್ಯಾಳ ಬಿಡು" ಅಂದಳು. ಸಂಘದವರಿಗೆ ನಗು ತಡೆಯಲಾಗಲಿಲ್ಲ. ನನಗೂ ತುಟಿಯ ತುದಿಗೆ ನಗು ಬಂತು. ನಿಜ ಹೇಳಬೇಕೆಂದರೆ ಆ ಗಳಿಗೆಯಲ್ಲಿ ನನಗೆ ಖುಷಿಯಾಗಿತ್ತು. ಇಷ್ಟೇ ತಾನೆ, ಇನ್ನು ಮೊಸರು ಬಡಿಸಿದರೆ ಮುಗಿಯಿತು ಅಂದುಕೊಂಡೆ. ಅಕ್ಕನವರು ಮೊಸರು ತರಲು ಒಳಗೆ ಹೋದರು.

ಆಗ ಅವ್ವ ಕೇಳಿದಳು. "ಅಲ್ಲವಾ, ನಿನ್ನ ತೌರುಮನಿ ಯಾವೂರು?"

ತನ್ನ ಊರಿನ ಹೆಸರನ್ನು ನನ್ನ ಬಾಯಿಂದ, ಅಷ್ಟು ಮಂದಿಯ ಮುಂದೆ, ಕ್ಯಾಮೆರಾದ ಮುಂದೆ ಕೇಳುವ ಆಸೆ ಅವಳಿಗೆ. ಕೂಸಿನ ಹಾಗೆ ಮುಖ ಎತ್ತಿ ಕಾಯುತ್ತಿದ್ದಳು. ಸಂಘದ ಹೆಂಗಸರೂ ಉಣ್ಣುವುದು ಬಿಟ್ಟು ಕಾಯುತ್ತಿದ್ದರು. ಈ ಪ್ರಶ್ನೆಗೆ ಏನು ಉತ್ತರ ಬರುತ್ತದೆ ಅಂತ ಗೊತ್ತಿದ್ದ ಮ್ಯಾನೇಜರ್ ಕ್ಯಾಮೆರಾದವನ ಭುಜ ತಟ್ಟಿ ನನ್ನ ಕಡೆ ತಿರುಗಿಸಿದರು. ಆತ ಎರಡು ಹೆಜ್ಜೆ ಮುಂದೆ ಬಂದ.

'ಇರಕಲ್ಲಗಡರಿ' ಅಂದಿದ್ದರೆ ಏನಾಗುತ್ತಿತ್ತು? ಸಂಜೆ ಮ್ಯಾನೇಜರ್ ಎರಡು ಮಾತು ಬೈಯುತ್ತಿದ್ದರು. ಅಷ್ಟೆ. ರೂಢಿಯ ಬಲದಲ್ಲಿ ಬಾಯಿ ತಪ್ಪಿ ಹೋಯಿತು ಅಂತ ಆಮೇಲೆ ಮನೆಯಲ್ಲಿ ಯಜಮಾನರಿಗೆ ಹೇಳಿದೆ. ಸುಳ್ಳು. ಬಾಯಿ ತಪ್ಪಿರಲಿಲ್ಲ. ಕ್ಯಾಮೆರಾ ನೋಡಿದೆ, ಎದುರು ಸಾಲಿನವರನ್ನು ನೋಡಿದೆ, ಅವ್ವನನ್ನು ಮಾತ್ರ ನೋಡದೆ ಹೇಳಿದೆ.

"ತೌರುಮನಿ ಇಲ್ರಿ ನನಗ. ನಮ್ಮವ್ವ ನಾ ಸಣ್ಣಾಕಿದ್ದಾಗನ ತೀರ್ಕೊಂಡ್ಲು."

ಸೆರಗು ಕಣ್ಣಿಗೆ ಹೋಯಿತು. ಕಣ್ಣೀರೂ ಬಂತು. ಅವತ್ತು ಒಲೆಯಲ್ಲಿ ಹೊಗೆ ಇರಲಿಲ್ಲ.

ಸಂಘದ ಹೆಂಗಸೊಬ್ಬಳು, "ಏ ಹುಡುಗೀ, ಬಿಡ್ತು ಅನ್ನು! ಬಾಯಾಗ ಏನ ಮಾತದು!" ಅಂತ ಸಿಡಿದೇ ಬಿಟ್ಟಳು. ಅವ್ವ ಅವಳ ಮೊಣಕಾಲು ಒತ್ತಿ ಹಿಡಿದಳು. "ಸುಮ್ನ ಉಣ್ಣು ನೀ. ಕೆಲಸ ಐತಿ ಆಕಿದು." ಎದುರು ಸಾಲಿನ ಹೆಂಗಸಿಗೆ ಈ ಗದ್ದಲ ಏನೂ ತಿಳಿಯಲಿಲ್ಲ. ಒದ್ದೆ ಕಣ್ಣಿನಲ್ಲಿ ನಮ್ಮವ್ವನ ಕಡೆಗೇ ತಿರುಗಿ, "ಪಾಪ ಅಲ್ವಾ, ಎಷ್ಟು ಚಿಕ್ಕ ವಯಸ್ಸಿಗೇ" ಅಂದರು.

"ಹೌದ್ರಿ," ಅಂದಳು ಅವ್ವ. "ಪಾಪ."

ಆ ವಿಡಿಯೊ ಈಗಲೂ ಎಲ್ಲರ ಫೋನಿನಲ್ಲಿ ಓಡಾಡುತ್ತಿದೆ. ಕೊಪ್ಪಳದಲ್ಲಿ ಬಸ್ಸಿಗೆ ನಿಂತಾಗ ಯಾರೋ ಗುರುತು ಹಿಡಿದು ಮಾತಾಡಿಸಿದರು, ಯಲಬುರ್ಗಾದ ನಾದಿನಿ ತನಗೂ ಬಂತು ಅಂತ ಕಳಿಸಿದಳು. ನನ್ನ ಮುಖ ದೊಡ್ಡದಾಗಿ ಕಾಣುತ್ತದೆ, ಚೆನ್ನಾಗಿಯೇ ಅತ್ತಿದ್ದೇನೆ. ಕೆಳಗೆ ಮೂಲೆಯಲ್ಲಿ ಒಂದು ಕೈ ಕಾಣುತ್ತದೆ, ಮುರಿದ ರೊಟ್ಟಿಯ ತುಂಡು ಹಿಡಿದು ಹಾಗೇ ನಿಂತ ಕೈ. ಅದು ಅವ್ವನದು ಅಂತ ನಾನು ಯಾರಿಗೂ ಹೇಳಿಲ್ಲ.

ಅವತ್ತು ಅವ್ವ ತಟ್ಟೆಯಲ್ಲಿ ಒಂದು ಚೂರೂ ಬಿಡದೆ ಉಂಡಳು. ಅಕ್ಕನವರು ಹೆಚ್ಚಿಗೆ ಮೊಸರು ಹಾಕಿದರೂ ಬೇಡ ಅನ್ನಲಿಲ್ಲ. ಉಂಡ ಬೀಗರ ಕೈಗೆ ನೀರು ಹಾಕುವುದು ಸೊಸೆಯ ಕೆಲಸ. ಹಿತ್ತಲ ಕಟ್ಟೆಯ ಹತ್ತಿರ ತಂಬಿಗೆ ಹಿಡಿದು ನಿಂತೆ. ಒಬ್ಬೊಬ್ಬರೇ ಬಂದು, ನನ್ನ ಮುಖ ನೋಡದೆ ಕೈ ತೊಳೆದು ಹೋದರು. ಅವ್ವ ಕೊನೆಗೆ ಬಂದಳು. ಕೈ ಒಡ್ಡಿದಳು. ನೀರು ಹಾಕಿದೆ.

"ಹೆಂಗ ಸತ್ತೆ ನಾ?" ಅಂತ ಕೇಳಿದಳು, ಮೆಲ್ಲಗೆ.

ಬೈದಿದ್ದರೆ, ಕಪಾಳಕ್ಕೆ ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದೆ. ನಾಚಿಕೆಯ ಸಂಗತಿ ಅಂದರೆ ಇದಕ್ಕೂ ನನ್ನ ಹತ್ತಿರ ಉತ್ತರ ತಯಾರಿತ್ತು. ಗಿರಾಕಿಗಳು ಇದನ್ನೂ ಕೇಳುತ್ತಾರೆ.

"ಹಾವು ಕಡದು," ಅಂದೆ.

"ಹೊಲದಾಗನ?"

"ಹೂಂ."

"ನೀ ಎಷ್ಟ ದೊಡ್ಡಾಕಿ ಇದ್ದಿ?"

"ಸಾಲಿಗೆ ಹಾಕಿದ್ದಿಲ್ಲ ಇನ್ನಾ."

ಅವ್ವ ಕೈ ಉಜ್ಜುವುದನ್ನು ನಿಲ್ಲಿಸಿದಳು. ನನ್ನನ್ನು ಹಂಗಿಸುತ್ತಿದ್ದಾಳೆ ಅಂದುಕೊಂಡು ಮುಖ ನೋಡಿದೆ. ಹಂಗಿಸುತ್ತಿರಲಿಲ್ಲ. ನಿಜವಾಗಿಯೂ ಚಿಂತೆಗೆ ಬಿದ್ದಿದ್ದಳು.

"ಅಷ್ಟ ಸಣ್ಣಾಕಿನ್ನ ಬಿಟ್ಟು ಹೋದ್ನೇನು ನಾ?" ಅಂದಳು. "ಮತ್ತ ನಿನ್ನ ಯಾರು ಜ್ವಾಕಿ ಮಾಡಿದ್ರವಾ? ಹೆರಳ ಯಾರು ಹಾಕ್ತಿದ್ರು?"

ಅದನ್ನು ಇಷ್ಟು ದಿನದಲ್ಲಿ ಯಾವ ಗಿರಾಕಿಯೂ ಕೇಳಿರಲಿಲ್ಲ. ಬರಿದಾದ ತಂಬಿಗೆಯನ್ನು ಬಗ್ಗಿಸಿ ಹಿಡಿದು ನಿಂತಿದ್ದೆ. 'ನೀನ ಯವ್ವಾ, ಮತ್ತ್ಯಾರು' ಅನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಒಳಗಿನಿಂದ ಮ್ಯಾನೇಜರ್, ಮುಂದಿನ ಪಂಕ್ತಿ ಕೂತೈತಿ ಅಂತ ಕೂಗಿದರು.

"ಬಂದೆರಿ," ಅಂದೆ.