ಮತದಾರರ ಪಟ್ಟಿಗೆ ಸೇರದ ಹೆಸರು

ಮಂಗಳೂರಿನಲ್ಲಿ ನರ್ಸಿಂಗ್ ಕಲಿತ ಮೋಹಿನಿ ಎಪ್ಪತ್ತೈದನೇ ಇಸವಿಯಲ್ಲಿ ಗಂಡ ಕರುಣಾಕರನ ಜೊತೆ ಅಮೆರಿಕದ ಎಡಿಸನ್‌ಗೆ ಬಂದವಳು. ಕಾರಿನಲ್ಲಿ ಮನೆಮನೆಗೆ ಹೋಗಿ ರೋಗಿಗಳ ಗಾಯ ತೊಳೆದು ಕಟ್ಟುವುದು ಅವಳ ಕೆಲಸ. ಕೈ ಮೃದು, ಮಾತು ಮಾತ್ರ ಖಡಕ್ಕು. ರೋಗಿಗೆ ಯಾವುದು ಒಳ್ಳೆಯದೆಂಬುದು ರೋಗಿಗಿಂತ ತನಗೇ ಚೆನ್ನಾಗಿ ಗೊತ್ತೆಂದು ಅವಳು ನಂಬಿದ್ದಳು.

ಎಂಬತ್ತೊಂಬತ್ತರ ಬೇಸಿಗೆಯಲ್ಲಿ ಶಿಕೊಂಗೊ ಎಂಬ ನಿವೃತ್ತ ಗಣಿತದ ಮೇಷ್ಟರು ಅವಳ ಪಾಲಿಗೆ ಬಂದರು. ನಮೀಬಿಯದವರು. ದಕ್ಷಿಣ ಆಫ್ರಿಕದ ಆಳ್ವಿಕೆಗೆ ಎದುರಾಡಿ, ಊರು ಬಿಟ್ಟು ಇಪ್ಪತ್ತನಾಲ್ಕು ವರ್ಷವಾಗಿತ್ತು. ಒಂಟಿ ಜೀವ. ಸಕ್ಕರೆ ಕಾಯಿಲೆಯಿಂದ ಎಡಗಾಲಿನ ಹಿಮ್ಮಡಿ ಹುಣ್ಣಾಗಿತ್ತು.

"ಸಿಸ್ಟರ್, ನವೆಂಬರಿಗೆ ನಮ್ಮಲ್ಲಿ ಚುನಾವಣೆ. ಅದಾದ ಮೇಲೆ ಸ್ವಾತಂತ್ರ್ಯ. ಸೆಪ್ಟೆಂಬರ್ ಮುಗಿಯೋದರೊಳಗೆ ಅಲ್ಲಿಗೇ ಹೋಗಿ ಹೆಸರು ಬರೆಸಬೇಕು. ನಾನು ಒಂದು ಸಲವೂ ವೋಟು ಹಾಕಿದವನಲ್ಲ, ಗೊತ್ತಾ?"

"ಮೊದಲು ಗಾಯ ಒಣಗಲಿ, ಮಿಸ್ಟರ್ ಶಿಕೊಂಗೊ."

"ಗಾಯ ಅಲ್ಲೂ ಒಣಗುತ್ತೆ."

ವಿಮಾನ ಹತ್ತಬಹುದೆಂದು ಡಾಕ್ಟರು ಬರೆದುಕೊಟ್ಟರೆ ಸಾಕಿತ್ತು. ಡಾಕ್ಟರು ಅರೆಮನಸ್ಸಿನಲ್ಲಿದ್ದರು, ಮೋಹಿನಿಗೆ ಫೋನ್ ಮಾಡಿ ಕೇಳಿದರು. "ಕಳಿಸಬೇಡಿ. ಅಲ್ಲಿ ಗಾಯ ನೋಡಿಕೊಳ್ಳೋರು ಯಾರೂ ಇಲ್ಲ. ಕಾಲು ಹೋಗುತ್ತೆ" ಎಂದಳು ಅವಳು. ಅಲ್ಲಿ ಅವರ ತಂಗಿಯಿದ್ದಾಳೆ, ಆಸ್ಪತ್ರೆಯಲ್ಲೇ ಕೆಲಸಕ್ಕಿದ್ದಾಳೆ ಎಂಬುದು ಅವಳಿಗೆ ಗೊತ್ತಿತ್ತು. ಹೇಳಲಿಲ್ಲ.

ಚೀಟಿ ಸಿಗಲಿಲ್ಲ. ಹೆಸರು ಬರೆಸುವ ಗಡುವು ದಾಟಿತು. ಅಕ್ಟೋಬರಿನಲ್ಲಿ ಹುಣ್ಣು ಕೊಳೆತು, ಮೊಣಕಾಲಿನ ಕೆಳಗೆ ಕತ್ತರಿಸಬೇಕಾಯಿತು. ಅವಳು ಒಂದು ದಿನವೂ ತಪ್ಪಿಸದೆ ಗಾಯ ಕಟ್ಟಿದ್ದಳು. ಆದರೂ ಹೀಗಾಯಿತು.

ನವೆಂಬರಿನಲ್ಲಿ ಅವಳು ಡಬ್ಬಿಯಲ್ಲಿ ಗಂಜಿ ತುಂಬಿಕೊಂಡು ಆಸ್ಪತ್ರೆಗೆ ಹೋದಳು. ಟೀವಿಯಲ್ಲಿ ಮರಳು ನೆಲದ ಮೇಲೆ ಮತದಾರರ ಉದ್ದೋ ಉದ್ದ ಸಾಲು. ಹೆಂಗಸರು ಕಂಕುಳಲ್ಲಿ ಮಗು ಎತ್ತಿಕೊಂಡು ಬಿಸಿಲಲ್ಲಿ ನಿಂತಿದ್ದರು. ಶಿಕೊಂಗೊ ಕಣ್ಣು ಕೀಳದೆ ನೋಡುತ್ತಿದ್ದರು.

"ಡಾಕ್ಟರು ಎಲ್ಲ ಹೇಳಿದರು, ಸಿಸ್ಟರ್."

"ನಿಮ್ಮ ಕಾಲು ಉಳಿಸೋಣ ಅಂತ..."

"ಕಾಲು ನನ್ನದು. ಅಲ್ಲಿ ಕಳಕೊಂಡಿದ್ದರೂ ವೋಟು ಹಾಕಿಯೇ ಕಳಕೊಳ್ಳುತ್ತಿದ್ದೆ. ಇಷ್ಟು ವರ್ಷ ಬಿಳಿಯರ ಸರ್ಕಾರ ನನ್ನ ಪರವಾಗಿ ತೀರ್ಮಾನ ಮಾಡುತ್ತಿತ್ತು. ಕೊನೆಗೆ ನೀವು ಮಾಡಿದಿರಿ." ಅವರ ದನಿ ಏರಲಿಲ್ಲ. "ಇನ್ನು ಬರಬೇಡಿ."

ಗಂಜಿ ಮುಟ್ಟಲಿಲ್ಲ. ಅವಳು ಡಬ್ಬಿ ಎತ್ತಿಕೊಂಡು ಹೊರಬಂದಳು.

ಮನೆಯಲ್ಲಿ ಕರುಣಾಕರ, "ನೀನು ನಿನ್ನ ಡ್ಯೂಟಿ ಮಾಡಿದ್ದಲ್ವಾ ಮಾರಾಯ್ತಿ, ಎಂತಕ್ಕೆ ತಲೆಬಿಸಿ?" ಎಂದ. ಶಿಕೊಂಗೊ ಅವರ ತಂಗಿಯ ವಿಷಯ ಗಂಡನಿಗೂ ಹೇಳಲು ಅವಳಿಗೆ ಬಾಯಿ ಬರಲಿಲ್ಲ.

ಮಾರ್ಚಿನಲ್ಲಿ ನಮೀಬಿಯ ಸ್ವತಂತ್ರವಾಯಿತು. ಗಾಲಿಕುರ್ಚಿಯಲ್ಲಿ ಶಿಕೊಂಗೊ ಊರಿಗೆ ಹೊರಟರಂತೆ. ಈಗ ಅವರನ್ನು ನೋಡಿಕೊಳ್ಳುತ್ತಿದ್ದ ಬೇರೆ ನರ್ಸ್ ಹೇಳಿದ್ದು ಇಷ್ಟೇ. ಮೋಹಿನಿ ವಿಳಾಸ ಕೇಳಿದಳು. ಅವಳಿಗೆ ಕೊಡಬೇಡಿ ಎಂದು ಶಿಕೊಂಗೊ ಹೇಳಿ ಹೋಗಿದ್ದರು.

ಆ ಬೇಸಿಗೆ ಹೊಸ ರೋಗಿಯೊಬ್ಬಳು, ಮೊಮ್ಮಗಳ ಮದುವೆಗೆ ಕ್ಯಾಲಿಫೋರ್ನಿಯಾಕ್ಕೆ ಹೋಗಬಹುದೇ ಎಂದು ಅವಳನ್ನು ಕೇಳಿದಳು. ಮೋಹಿನಿ ಹತ್ತಿ ಅದ್ದುತ್ತಾ, "ಅದು ನೀವೇ ಹೇಳಬೇಕು" ಎಂದಳು. ಹೋದರೆ ಗಾಯ ಏನಾದೀತು ಎಂಬುದನ್ನು ಕೂಡ ಅವಳು ತಿಳಿಸಲಿಲ್ಲ.