ಹೆಸರಿನ ಮುಂದಿನ ಅಕ್ಷರ

ತಮಿಳುನಾಡಿಗೆ ಸೇರಿದ ನಮ್ಮ ಹೊಸೂರು ಕಡೆ ಕನ್ನಡ ಮಾತಾಡುವವರ ಮಕ್ಕಳಿಗೆ ಮನೆಯಲ್ಲಿ ಇನಿಷಿಯಲ್ ಇರುವುದಿಲ್ಲ. ಸ್ಕೂಲಿಗೆ ಸೇರಿಸಿದ ದಿನ ಮೇಷ್ಟ್ರು ಅಪ್ಪನ ಹೆಸರು ಕೇಳಿ, ಅದರ ಮೊದಲ ಅಕ್ಷರವನ್ನು ಮಗುವಿನ ಹೆಸರಿನ ಮುಂದೆ ಅಂಟಿಸುತ್ತಾರೆ. ತಮಿಳುನಾಡಿನ ಪದ್ಧತಿ ಅದು. ಅಕ್ಷರವಿಲ್ಲದ ಹೆಸರನ್ನು ಇಲ್ಲಿ ಯಾರೂ ಹೆಸರೆಂದು ಲೆಕ್ಕಕ್ಕೇ ಹಿಡಿಯುವುದಿಲ್ಲ. ಸೂಳಗಿರಿ ಪಕ್ಕದ ನಮ್ಮೂರ ಸ್ಕೂಲಿಗೆ ನನ್ನನ್ನು ಹೆಗಲ ಮೇಲೆ ಹೊತ್ತು ಸೇರಿಸಲು ಹೋದವನು ನಮ್ಮಪ್ಪ. ಮೇಷ್ಟ್ರಿಗೆ ಅವನ ಗುರುತಿತ್ತು. ಕೇಳುವ ಗೋಜಿಗೆ ಹೋಗದೆ ಅವನ ಹೆಸರಿನ ಅಕ್ಷರವನ್ನೇ ಬರೆದುಕೊಂಡರು. ಅಪ್ಪನಿಗೆ ಓದು ಬಾರದು. ಏನು ಬರೆದರು ಎಂದು ಅವನಿಗೆ ತಿಳಿಯಲೂ ಇಲ್ಲ.

ಆ ಅಕ್ಷರವನ್ನು ನಾನು ಸ್ಲೇಟಿನ ಮೇಲೆ ಎಷ್ಟು ದಪ್ಪಗೆ ಬರೆಯುತ್ತಿದ್ದೆ ಎಂದರೆ ಉಳಿದ ಹೆಸರಿಗೆ ಜಾಗವೇ ಸಾಲುತ್ತಿರಲಿಲ್ಲ.

ಅವನು ನನ್ನನ್ನು ಸಾಕಿದ ಅಪ್ಪ. ಹೆತ್ತ ಅಪ್ಪ ನಾನು ಹುಟ್ಟುವ ಮೊದಲೇ ಕಾಮಾಲೆಯಾಗಿ ತೀರಿಕೊಂಡಿದ್ದ. ತುಂಬಿದ ಬಸುರಿ ಅಮ್ಮ ತವರಿಗೆ ಬಂದು ನನ್ನನ್ನು ಹಡೆದಳು. ಹುಟ್ಟಿದ್ದನ್ನು ಬರೆಸಿಕೊಳ್ಳಲು ಊರಿನ ತಳವಾರ ಬಾಗಿಲಿಗೆ ಬಂದು ತಂದೆಯ ಹೆಸರು ಕೇಳಿದಾಗ ಅಮ್ಮನ ತಾಯಿ ಅವನ ಮೇಲೆ ಹಾರಿಬಿದ್ದಳಂತೆ.

"ಹಸಿ ಬಾಣಂತಿ ಮನೇಲಿ ಸತ್ತೋನ ಹೆಸ್ರು ಎತ್ತಬಾರ್ದು ಅಂತ ಗೊತ್ತಿಲ್ವೇನ್ಲಾ ನಿಂಗೆ? ನೀರು ಹಾಕ್ಲಿ, ಆಮ್ಯಾಕೆ ಬಾ, ಹೋಗು."

ನೀರು ಹಾಕಿದ್ದಾಯಿತು, ಹೆಸರಿಟ್ಟಿದ್ದಾಯಿತು, ತಳವಾರ ಮಾತ್ರ ಬರಲಿಲ್ಲ. ತಂದೆಯ ಹೆಸರಿನ ಜಾಗ ಖಾಲಿಯೇ ಉಳಿದುಬಿಟ್ಟಿತು.

ನಾನು ತಪ್ಪುಹೆಜ್ಜೆ ಇಡುವ ಹೊತ್ತಿಗೆ, ಸತ್ತವನ ಜೊತೆ ಬಾವಿ ತೋಡುತ್ತಿದ್ದ ಗೆಳೆಯ ಬಂದು ಅಮ್ಮನನ್ನು ಸೀರುಡಿಕೆ ಮಾಡಿಕೊಂಡ. ಗಂಡ ಸತ್ತವಳ ಮದುವೆಗೆ ವಾಲಗವಿಲ್ಲ, ಚಪ್ಪರವಿಲ್ಲ. ಸಂಜೆಗೆ ಒಂದು ಸೀರೆ ಉಡಿಸಿ, ನಾಲ್ಕು ಜನಕ್ಕೆ ಊಟ ಹಾಕಿ ಮನೆ ತುಂಬಿಸಿಕೊಂಡರೆ ಮುಗಿಯಿತು. ಹಾಗೆ ಬಂದವನು ನನ್ನನ್ನು ಗಂಡುಹುಡುಗನ ಹಾಗೆ "ಲಾ" ಎಂದೇ ಕರೆದು ಬೆಳೆಸಿದ. ನನಗೆ ಜ್ವರ ಬಂದರೆ ಅವನೂ ಉಣ್ಣುತ್ತಿರಲಿಲ್ಲ. ಮಾಲಯ ಅಮಾವಾಸ್ಯೆಗೆ ಮಾತ್ರ ಅವನು ಬೇರೆ ಮನುಷ್ಯ. ಸ್ನಾನ ಮಾಡಿ, ಗೆಳೆಯನಿಗೆ ಎಡೆ ಇಟ್ಟು, ಪಕ್ಕದಲ್ಲಿ ಒಂದು ಬೀಡಿಯನ್ನೂ ಇಟ್ಟು, "ಬಾರಪ್ಪ, ಉಣ್ಣು, ನಿನ್ ಮಗ್ಳು ಚೆಂದಾಗವ್ಳೆ" ಎನ್ನುತ್ತಿದ್ದ. ನನಗೋ ಹೊಟ್ಟೆ ಚುರುಗುಟ್ಟುತ್ತಿತ್ತು. ಈ ಸತ್ತ ಮನುಷ್ಯ ಬೇಗ ಉಂಡು ಹೋಗಬಾರದೇ ಅನ್ನಿಸುತ್ತಿತ್ತು.

ಎಂಬತ್ತರ ದಶಕದ ಮೊದಲಲ್ಲಿ ನಾನು ಹತ್ತನೇ ಕ್ಲಾಸಿಗೆ ಬಂದೆ. ಪರೀಕ್ಷೆಗೆ ಹೆಸರು ಕಳಿಸುವ ಮುಂಚೆ ಹೆಡ್‌ಮಾಸ್ಟರು ಎಲ್ಲರ ಜನನ ಪತ್ರ ತರಿಸಿಕೊಂಡರು. ನನ್ನದನ್ನು ನೋಡಿ ಕನ್ನಡಕ ತೆಗೆದರು. "ಏನಮ್ಮಾ ಇದು? ಸ್ಕೂಲಿನ ಪುಸ್ತಕದಲ್ಲಿ ಇನಿಷಿಯಲ್ ಇದೆ, ಇದರಲ್ಲಿ ಅಪ್ಪನೇ ಇಲ್ಲ! ತಾಲ್ಲೂಕು ಆಫೀಸಿಗೆ ಹೋಗಿ ತಂದೆ ಹೆಸರು ಸೇರಿಸಿಕೊಂಡು ಬಾ. ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸೋಕಾಗಲ್ಲ."

ಸರಿ, ಅಪ್ಪ, ಅಮ್ಮ, ನಾನು ಹೊಸೂರಿಗೆ ಹೊರಟೆವು. ಮನೆಯಲ್ಲಿ ರೇಷ್ಮೆಹುಳ ಸೊಪ್ಪಿಗಾಗಿ ಬಾಯಿಬಿಡುವ ಕಾಲ. ಅಪ್ಪ ಪಕ್ಕದ ಮನೆಯವರ ಕೈಕಾಲು ಹಿಡಿದು ಅವರಿಗೆ ಒಪ್ಪಿಸಿ ಬಂದಿದ್ದ.

ಆಫೀಸಿನ ಗುಮಾಸ್ತರು ತಮಿಳಿನವರು. ಅಮ್ಮನ ಕಡೆ ತಿರುಗಿ, "ಅಪ್ಪಾ ಪೇರ್ ಎನ್ನಮ್ಮಾ?" ಎಂದು ಹೆಸರು ಕೇಳಿದರು. ಅಮ್ಮ ನೆಲ ನೋಡಿದಳು. ಗಂಡನ ಹೆಸರನ್ನು ನಮ್ಮ ಹೆಂಗಸರು ಬಾಯಲ್ಲಿ ಎತ್ತುವುದಿಲ್ಲ. ಒಬ್ಬ ಗಂಡನ ಹೆಸರೇ ಕಷ್ಟ, ನಮ್ಮಮ್ಮನಿಗೆ ನುಂಗಿಕೊಳ್ಳಲು ಎರಡು ಹೆಸರು! ಗುಮಾಸ್ತರು ಇನ್ನೊಂದು ಸಲ ಕೇಳಿದರು, ಅಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. ಗುಮಾಸ್ತರಿಗೆ ರೇಗಿತು. ಕೊನೆಗೆ ಅಪ್ಪನೇ ಕೈಕಟ್ಟಿಕೊಂಡು ಇದ್ದದ್ದನ್ನು ಇದ್ದ ಹಾಗೆ ಹೇಳಿದ.

ಗುಮಾಸ್ತರು ಕೆಟ್ಟವರಲ್ಲ. ಎಲ್ಲ ಕೇಳಿ, ನಮಗೆ ತಿಳಿಯಲೆಂದು ಕನ್ನಡಕ್ಕೆ ಹೊರಳಿದರು. "ಸ್ಕೂಲಿನಲ್ಲಿ ನಿನ್ನ ಅಕ್ಷರವೇ ಇದೆ. ಸಾಕಿದವನೂ ನೀನೇ. ನಿನ್ನ ಹೆಸರು ಬರೆದರೆ ಇವತ್ತೇ ಕೆಲಸ ಮುಗೀತು. ಸತ್ತವನ ಹೆಸರು ಅಂದ್ರೆ ಅವನ ಮನೆಯವರು ಬಂದು ಹೇಳಿಕೆ ಕೊಡಬೇಕು."

ನನಗೆ ಕುಣಿಯುವಷ್ಟು ಖುಷಿಯಾಯಿತು. ಅಷ್ಟರಲ್ಲಿ ಅಪ್ಪ, "ನನ್ ಅಕ್ಸರನಾ?" ಎಂದು ನನ್ನ ಮುಖ ನೋಡಿದ. ಆಮೇಲೆ ತಲೆ ಅಲ್ಲಾಡಿಸಿದ. "ಬ್ಯಾಡ ಸ್ವಾಮಿ. ಅದು ತಪ್ಪಾಯ್ತದೆ. ಅವ್ನ ಮನೆಯೋರ್ನೇ ಕರ್ಕೊಂಡು ಬತ್ತೀನಿ."

ಬಸ್‌ಸ್ಟ್ಯಾಂಡಿನ ತನಕ ನಾನು ಅವರಿಬ್ಬರನ್ನೂ ಬಿಟ್ಟು ಮುಂದೆ ಮುಂದೆ ನಡೆದೆ. ಅಲ್ಲಿ ಟೀ ಅಂಗಡಿಯ ಮುಂದೆ ಜನರೆಲ್ಲ ನೋಡುವಂತೆ ಅಳುತ್ತಾ ಜಗಳಕ್ಕೆ ನಿಂತೆ.

"ನಿಂಗೆ ನಾನು ಬ್ಯಾಡ್ವಾ? ಬ್ಯಾಡ ಅಂದ್ರೆ ಹಂಗೇ ಹೇಳ್ಬುಡು! ನಾನು ಕಣ್ಣಲ್ಲೂ ನೋಡ್ದಿರೋನ ಹೆಸ್ರು ನಂಗ್ಯಾಕೆ?"

"ಅಯ್ಯೋ, ಮೆಲ್ಲಗೆ ಮಾತಾಡ್ಲಾ," ಎಂದ ಅಪ್ಪ. ಟೀ ಲೋಟವನ್ನು ಕೆಳಗಿಟ್ಟ. "ನಾನು ನಿನ್ ಕಣ್ ಮುಂದೇ ಅವ್ನಿ. ಬಯ್ದ್ರೆ ಬಯ್ಸ್ಕತೀನಿ, ಕರೆದ್ರೆ ಓ ಅಂತೀನಿ. ಅವ್ನಿಗೆ ಏನೈತೆ ಹೇಳು? ಒಂದ್ ಫೋಟ ಇಲ್ಲ. ಇದ್ದ ಚೂರು ಹೊಲಾನೂ ಅಣ್ತಮ್ದೀರ ಪಾಲಾಯ್ತು. ಹೆಂಡ್ತೀನೂ ನಾನೇ ಮಾಡ್ಕಂಡೆ. ನಿನ್ ಹೆಸ್ರಿನ ಮುಂದಿರೋ ಅಕ್ಸರಾನೂ ನಾನೇ ಕಿತ್ಕಂಡ್ರೆ, ಈ ಭೂಮಿ ಮ್ಯಾಲೆ ಅವ್ನಿಗೆ ಇನ್ನೇನು ಉಳೀತದೆ ಕಣ್ಲಾ?"

ಅಮ್ಮ ಆಚೆ ತಿರುಗಿ ಕಣ್ಣೊರೆಸಿಕೊಂಡಳು. ನನ್ನ ಸಿಟ್ಟು ಮಾತ್ರ ಇಳಿಯಲಿಲ್ಲ.

ಸತ್ತವನ ತಾಯಿ ಉದ್ದನಪಲ್ಲಿ ಕಡೆ ಒಂದು ಹಳ್ಳಿಯಲ್ಲಿದ್ದಳು. ಸೀರುಡಿಕೆಯಾದ ದಿನದಿಂದ ನಮ್ಮ ಮನೆಯ ನೀರನ್ನೂ ಮುಟ್ಟಿದವಳಲ್ಲ. ಅಪ್ಪ ನನ್ನನ್ನು ಕರೆದುಕೊಂಡು ಅವಳ ಮನೆಗೆ ಹೋದ. ಅಜ್ಜಿ ಅಂಗಳದಲ್ಲಿ ಕೂತು ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದಳು. ಅಪ್ಪನನ್ನು ಕಂಡು ಕುಟ್ಟುವುದನ್ನು ಇನ್ನೂ ಜೋರು ಮಾಡಿದಳು.

"ಯಾಕ್ ಬಂದೆ? ಸೊಸೇನ ಕರ್ಕೊಂಡೋದೆ, ಮಗೀನ ಕರ್ಕೊಂಡೋದೆ. ಇನ್ನೇನ್ ಐತಪ್ಪ ಇಲ್ಲಿ ನಿಂಗೆ?"

ಅಪ್ಪ ಬಿಸಿಲಲ್ಲೇ ನಿಂತಿದ್ದ. "ಅಮ್ಮಾ, ಮಗಿನ ಕಾಗ್ದದಾಗೆ ಅಪ್ಪನ ಹೆಸ್ರು ಬರೆಸ್ಬೇಕು. ನೀನ್ ಬಂದು ಹೇಳ್ಬೇಕು."

"ನಿನ್ ಹೆಸ್ರು ಬರೆಸ್ಕಳಕ್ಕೆ ನಾನ್ ಯಾಕೆ?"

"ನಂದಲ್ಲಮ್ಮ. ನಿನ್ ಮಗಂದು."

ಕುಟ್ಟುವ ಸದ್ದು ನಿಂತಿತು. ಅಜ್ಜಿ ಹುಣಸೆ ಮೆತ್ತಿದ ಕೈಯಿಂದಲೇ ನನ್ನ ಗಲ್ಲ ಹಿಡಿದು ಬಿಸಿಲಿಗೆ ತಿರುಗಿಸಿ ನೋಡಿದಳು. "ಮೂಗು ಅವಂದೇ," ಎಂದು ಜೋರಾಗಿ ಅತ್ತುಬಿಟ್ಟಳು. ಆಮೇಲೆ ಮೂಗು ಸೀಟಿಕೊಂಡು, "ಬಿಸ್ಲಾಗೆ ಯಾಕ್ ನಿಂತಿದ್ದೀಯೋ, ಒಳೀಕೆ ಬಾ," ಎಂದು ಅಪ್ಪನನ್ನು ಗದರಿದಳು. ಅವತ್ತು ಅವಳು ಮುದ್ದೆ, ಹುರುಳಿ ಸಾರು ಬಡಿಸಿದಳು. ಅಪ್ಪ ತಲೆ ಎತ್ತದೆ ಉಂಡ.

ಮಾರನೆಯ ವಾರ ಎಲ್ಲರೂ ಮತ್ತೆ ಹೊಸೂರಿನ ಆಫೀಸಿನಲ್ಲಿ ಸೇರಿದೆವು. ಅಜ್ಜಿ ತನ್ನ ಮಗನ ಹೆಸರನ್ನು ಇಡೀ ಆಫೀಸು ತಿರುಗಿ ನೋಡುವಂತೆ ಕೂಗಿ ಹೇಳಿದಳು. ಎಷ್ಟು ವರ್ಷದಿಂದ ಕಟ್ಟಿಟ್ಟುಕೊಂಡಿದ್ದಳೋ! ಆ ಹೆಸರು ಕೇಳಿ ಅಮ್ಮ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಗುಮಾಸ್ತರು ಬರೆದುಕೊಂಡರು. ಖಾಲಿ ಜಾಗ ತುಂಬಿತು. ನನ್ನ ಅಕ್ಷರ ಹೋಯಿತು.

ಅರ್ಜಿ ಕೊಟ್ಟವನು ಅಪ್ಪ. ಅವನ ಹೆಬ್ಬೆಟ್ಟು ಬೇಕಿತ್ತು. ಗುಮಾಸ್ತರು ಪೆನ್ನು ಹಿಡಿದೇ ಕೇಳಿದರು, "ಹುಡುಗಿಗೂ ನಿನಗೂ ಏನು ಸಂಬಂಧ? ಇಲ್ಲಿ ಬರೀಬೇಕು."

ಅಪ್ಪ ಗಾಬರಿಯಾದ. ಮೇಲೆ ಬರೆಸಿದ್ದು ಎಲ್ಲಿ ಕೆಟ್ಟುಹೋಗುತ್ತದೋ ಎಂಬ ಭಯ. "ಏನೂ ಇಲ್ಲ ಸ್ವಾಮಿ," ಎಂದುಬಿಟ್ಟ.

ಏನೂ ಇಲ್ಲವಂತೆ! ನಾನು ಬಾಯಿ ತೆರೆಯುವ ಮೊದಲೇ ಅಜ್ಜಿ ಗುಡುಗಿದಳು. "ಥೂ, ಬಾಯ್ಮುಚ್ಚು. ಏನೂ ಅಲ್ದೋನು ನನ್ ಬಾಗ್ಲಿಗೆ ಬಂದು ಬಿಸ್ಲಾಗೆ ನಿಂತ್ಕತಿದ್ದನಾ? ಬರ್ಕಳಿ ಸ್ವಾಮಿ, ಇವ್ನೇ ಇವ್ಳ ಅಪ್ಪ."

"ಪಾಟ್ಟಿ," ಎಂದು ಗುಮಾಸ್ತರು ಅಜ್ಜಿಯನ್ನು ತಮಿಳಿನಲ್ಲೇ ಕರೆದು ಕೈ ಮುಗಿದರು. "ಮೇಲೆ ಒಬ್ಬ ಅಪ್ಪನನ್ನು ಬರೆದಾಯ್ತು. ಕೆಳಗೆ ಇನ್ನೊಬ್ಬ ಅಪ್ಪನನ್ನು ಬರೆದರೆ ತಹಸೀಲ್ದಾರರು ನನ್ನನ್ನ ಮನೆಗೆ ಕಳಿಸ್ತಾರೆ." ಸ್ವಲ್ಪ ಯೋಚಿಸಿ ಅಲ್ಲಿ ತಮಿಳಿನಲ್ಲಿ ಒಂದು ಪದ ಬರೆದರು: ಕಾಪ್ಪಾಳರ್.

ಅಪ್ಪ ನನ್ನ ಕಡೆ ಬಗ್ಗಿದ. "ಏನಂತ ಬರೆದ್ರುಲಾ?"

"ಕಾಯೋನು ಅಂತ," ಎಂದೆ. ಅಷ್ಟು ಹೇಳುವಾಗಲೇ ಅಳು ಬಂದುಬಿಟ್ಟಿತು.

ಅವನ ಮುಖ ಅರಳಿತು. "ಸರಿಯಾಗೇ ಬರ್ದವ್ರೆ ಬುಡು. ಅದೇ ತಾನೆ ನಾನ್ ಮಾಡಿದ್ದು? ಅಷ್ಟ್ ಸಾಕು." ಇಂಕಿನಲ್ಲಿ ಹೆಬ್ಬೆರಳು ಅದ್ದಿ, ಉಸಿರು ಬಿಗಿಹಿಡಿದು ಒತ್ತಿದ.

ಅವನಿಗೆ ಅಷ್ಟು ಸಾಕಾಯಿತು. ನನಗೆ ಆವತ್ತೂ ಸಾಕಾಗಲಿಲ್ಲ, ಇವತ್ತೂ ಸಾಕಾಗಿಲ್ಲ.