ಪ್ರಸಾದದ ತುಪ್ಪ ಲೆಕ್ಕಕ್ಕಿಲ್ಲ

ಅಡುಗೆಮನೆಯಲ್ಲಿ ಪುಂಡಿಪಲ್ಯದ ಎಲೆ ಬಿಡಿಸುತ್ತ ಕೂತಿದ್ದೆ. ಬ್ಯಾಂಕಿಗೆ ಹೋಗಿದ್ದ ನಮ್ಮ ಮನೆಯವರು ಊಟದ ಹೊತ್ತಿಗೂ ಮುಂಚೆಯೇ ಆಟೋದಿಂದ ಇಳಿದು ಬಂದರು. ವಿಜಯವಾಡದಿಂದ ವಿಶಾಖಪಟ್ಟಣಕ್ಕೆ ವರ್ಗವಾಗಿ ಬಂದು ವರ್ಷ ತುಂಬಿರಲಿಲ್ಲ. ಬ್ಯಾಂಕಿನವರು ಅಧಿಕಾರಿಗಳಿಗೆಲ್ಲ ರಕ್ತ ಪರೀಕ್ಷೆ ಮಾಡಿಸಿದ್ದರು.

“ಕೊಲೆಸ್ಟರಾಲ್ ಅಂತ. ಭಾಳ ಅದ,” ಎಂದರು. ಚಪ್ಪಲಿ ಬಿಟ್ಟು ಕುರ್ಚಿಯಲ್ಲಿ ಕೂತ ಮೇಲೆ, “ಮ್ಯಾನೇಜರ್ ಸಾಹೇಬ್ರಿಗೂ ಅದ. ಆದ್ರ ನನ್ನಷ್ಟಿಲ್ಲ,” ಎಂದು ಸೇರಿಸಿದರು. ಬಡ್ತಿ ಬಂದ ದಿನವೂ ಆ ದನಿಯಲ್ಲಿ ಇಷ್ಟು ಗತ್ತು ಇರಲಿಲ್ಲ.

ನನಗೆ ಮಾತ್ರ ನಗು ಬರಲಿಲ್ಲ. ನಮ್ಮ ಮಾವನವರು ಐವತ್ತು ತುಂಬುವುದರೊಳಗೆ ಒಂದು ದಿನ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ. ಇವರಿಗೆ ಆಗ ನಲವತ್ತೆಂಟು.

ಬ್ಯಾಂಕಿನ ಡಿಸ್ಪೆನ್ಸರಿಯಲ್ಲಿ ಡಾಕ್ಟರು ಮಾತ್ರೆ ಬರೆದು, “ಉಳಿದದ್ದು ಸಿಸ್ಟರ್ ಹೇಳ್ತಾರೆ,” ಎಂದರು. ಸಿಸ್ಟರ್ ದೊಡ್ಡ ದನಿಯ ತೆಲುಗು ಹೆಂಗಸು. ಹಿಂದೆ ಬಳ್ಳಾರಿಯಲ್ಲಿ ಕೆಲಸ ಮಾಡಿದ್ದರಿಂದ ಅವರಿಗೆ ಕನ್ನಡ ಬರುತ್ತಿತ್ತು, ಬೈಯಲು ಬೇಕಾದಷ್ಟು. ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡಿದರು, ತೂಕ ನೋಡಿದರು. ತುಪ್ಪ, ಕರಿದದ್ದು ಬಿಡಬೇಕು, ದಿನಾ ನಡೆಯಬೇಕು, ತಿಂಗಳಿಗೊಮ್ಮೆ ಬಂದು ತಮ್ಮೆದುರು ಕೂಡಬೇಕು ಎಂದರು.

“ಮಾತ್ರೆ ಕೊಟ್ಟಾರಲ್ಲ ಸಿಸ್ಟರ್?”

“ಮಾತ್ರೆ ನುಂಗಿ ಮೇಲೆ ವಡೆ ತಿಂದ್ರೆ ಮಾತ್ರೆ ತಾನೇ ಏನ್ ಮಾಡ್ತೈತೆ ಸಾರ್, ಪಾಪ?”

ಅಂದಿನಿಂದ ಇವರ ಅನ್ನಕ್ಕೆ ತುಪ್ಪ ನಿಂತಿತು, ಮನೆಯಲ್ಲಿ ಬೋಂಡ ನಿಂತಿತು. ಸಂಜೆ ಸಮುದ್ರದ ದಂಡೆಗೆ ನಡೆಯಲು ಹೊರಟರು. ಆದರೆ ಎಲ್ಲಕ್ಕಿಂತ ದೊಡ್ಡ ಬದಲಾವಣೆ ಬೇರೆ. ಮದುವೆಯಾದಾಗಿನಿಂದ ದೇವರ ಮನೆಗೆ ಬೆಂಕಿಪೊಟ್ಟಣ ಹುಡುಕಲಷ್ಟೇ ಬರುತ್ತಿದ್ದ ಮನುಷ್ಯನಿಗೆ ಭಕ್ತಿ ಉಕ್ಕಿಬಂತು.

“ಈ ಶನಿವಾರ ನೈವೇದ್ಯಕ್ಕ ಏನು ಮಾಡ್ತಿ?” ಎಂದು ಬುಧವಾರವೇ ಕೇಳುವರು. ಕಡಲೆಬೇಳೆ, ಬೆಲ್ಲ, ತುಪ್ಪದ ಹಯಗ್ರೀವ ಎಂದರೆ ಮುಖ ಅರಳುವುದು. ಹುಣ್ಣಿಮೆಗೆ ಸತ್ಯನಾರಾಯಣ ಪೂಜೆ ನಾವೇ ಮಾಡೋಣ ಎಂದರು. ಸಪಾದ ಪ್ರಸಾದಕ್ಕೆ ರವೆ, ಸಕ್ಕರೆ, ತುಪ್ಪ ಎಲ್ಲ ಸರಿಸಮ ಬೀಳಬೇಕು, ಶಾಸ್ತ್ರ ತಪ್ಪಬಾರದು ಎಂದು ನನಗೇ ಹೇಳಿಕೊಟ್ಟರು. ಮೇಲಿನ ಮನೆಯ ನೇವಿಯವರು, ಕಾರವಾರದ ಕಡೆಯವರು, ಗಣಹೋಮ ಮಾಡಿಸಿದರೆ ಮಂಗಳಾರತಿಗೆ ಇವರೇ ಮೊದಲು. ಸಿಂಹಾಚಲದ ನರಸಿಂಹಸ್ವಾಮಿ ಗುಡಿಗೆ ಹೋದಾಗ ದರ್ಶನದ ಸಾಲಿನಲ್ಲಿ ಕಾಲು ನೋವು ಎಂದು ಗೊಣಗಿದವರು ಪ್ರಸಾದದ ಸಾಲಿನಲ್ಲಿ ಎರಡು ಸಲ ನಿಂತರು.

ನಾನು ಪೆದ್ದಿ, ಸಂತೋಷಪಟ್ಟೆ. ರೋಗದ ನೆಪದಲ್ಲಾದರೂ ಸ್ವಾಮಿ ಇವರನ್ನು ತನ್ನ ಕಡೆ ಎಳೆದುಕೊಂಡ ಎಂದು ತುಳಸಿಗೆ ಇನ್ನೊಂದು ದೀಪ ಹಚ್ಚಿದೆ. ನೈವೇದ್ಯದ ತುಪ್ಪಕ್ಕೆ ಕೈ ಬಿಗಿ ಮಾಡುವ ಮನೆಯಲ್ಲಿ ನಾನು ಬೆಳೆದವಳಲ್ಲ.

ಮತ್ತೆ ರಕ್ತ ಪರೀಕ್ಷೆಯಾಯಿತು. ಇಳಿಯುವುದಿರಲಿ, ಇನ್ನೂ ಏರಿತ್ತು. ಸಿಸ್ಟರ್ ಮುಖದಲ್ಲಿ ಬೈಗುಳ ಇರಲಿಲ್ಲ. ಅದಕ್ಕೇ ನನಗೆ ಹೆಚ್ಚು ಹೆದರಿಕೆಯಾಯಿತು.

“ತಂದೆಗೂ ಇದೇ ಆಗಿದ್ದು ಅಂದ್ರಲ್ಲ ಸಾರ್. ನಿಜ ಹೇಳ್ರಿ, ನಿನ್ನೆ ಏನೇನ್ ತಿಂದ್ರಿ?”

“ಎರಡು ಫುಲ್ಕಾ, ಪಲ್ಯ, ಮಜ್ಜಿಗಿ.”

“ಅಮ್ಮಾ?”

“ಹೌದ್ರೀ. ಮತ್ತೇನೂ ಇಲ್ಲ,” ಎಂದೆ. ದೇವರಾಣೆ, ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಹಿಂದಿನ ದಿನ ಹಬ್ಬವಾಗಿತ್ತು. ಸಿಸ್ಟರಿಗೆಂದು ತಂದಿದ್ದ ಬಾಳೆಲೆಯ ಪೊಟ್ಟಣವನ್ನು ಚೀಲದಿಂದ ತೆಗೆದು ಮೇಜಿನ ಮೇಲಿಟ್ಟೆ. ಸುತ್ತಿದ್ದ ಪೇಪರಿನ ತುಂಬ ತುಪ್ಪ ಹರಡಿ ಅಕ್ಷರಗಳು ಆಚೆಯಿಂದ ಕಾಣುತ್ತಿದ್ದವು.

“ಇದೇನಮ್ಮಾ?”

“ಹಯಗ್ರೀವ. ನಿನ್ನಿ ನೈವೇದ್ಯದ್ದು.”

“ಸಾರ್ ತಿಂದ್ರಾ?”

“ಪ್ರಸಾದ ತಿನ್ನದ ಇರ್ತಾರೇನ್ರೀ?” ಎಂದು ಗಂಡಹೆಂಡತಿ ಒಟ್ಟಿಗೇ ಕೇಳಿದೆವು.

ಸಿಸ್ಟರ್ ಪೆನ್ನು ಕೆಳಗಿಟ್ಟರು. ಎಷ್ಟು ಎಂದು ಕೇಳಿದರು. ಇವರು ಬೊಗಸೆ ತೋರಿಸಿದರು. ನಾನು ಹಿಂದಿನಿಂದ ಎರಡು ಬೊಗಸೆ ತೋರಿಸಿದೆ.

“ಅದು ಊಟ ಅಲ್ಲಲ್ಲ ಸಿಸ್ಟರ್,” ಎಂದು ಇವರು ವಿವರಿಸತೊಡಗಿದರು, ಸಾಲ ಕೇಳಲು ಬಂದವರಿಗೆ ನಿಯಮ ವಿವರಿಸುವ ಹಾಗೆ. “ದೇವರಿಗೆ ತೋರಿಸಿದ್ದು. ಅದನ್ನ ಊಟದಾಗ ಹಿಡಿಯೂದಿಲ್ಲ.”

“ನೀವು ಹಿಡಿಯಲ್ಲ ಸಾರ್. ರಕ್ತ ಹಿಡೀತೈತೆ.” ಸ್ವಲ್ಪ ತಡೆದು, “ತೀರ್ಥ ಎಷ್ಟು ತಗೊಳ್ತೀರಿ?” ಎಂದರು.

“ಮೂರು ಉದ್ಧರಣಿ.”

“ಚೆಂಬು ಎತ್ತಿ ಕುಡಿಯಲ್ಲ? ಪುಣ್ಯ ಹೆಚ್ಚು ಬರ್ತಿತ್ತಲ್ಲ ಸಾರ್?”

ಇವರು ಗೋಡೆಯ ಮೇಲಿನ ಹೃದಯದ ಚಿತ್ರ ನೋಡತೊಡಗಿದರು.

“ದೇವರಿಗೆ ಏನಿಡಬೇಕು ಅಂತ ನಾನು ಹೇಳಲ್ಲಮ್ಮಾ,” ಎಂದರು ಸಿಸ್ಟರ್ ನನ್ನ ಕಡೆ ತಿರುಗಿ, “ಸಾರ್ ಕೈಗೆ ಎಷ್ಟು ಹಾಕ್ಬೇಕು ಅಂತ ಮಾತ್ರ ಹೇಳ್ತೀನಿ. ಆ ತೀರ್ಥದ ಉದ್ಧರಣಿಯಲ್ಲೇ ಹಾಕ್ರಿ, ಒಂದೇ ಒಂದು.”

ಆ ಶನಿವಾರ ಹಾಗೆಯೇ ಹಾಕಿದೆ. ಅಂಗೈಯ ನಡುವೆ ಬಿದ್ದ ಕಡಲೆಬೇಳೆಯ ಚೂರನ್ನು ನೋಡಿ, “ಇಷ್ಟೇನಾ?” ಎಂದರು.

“ಇಷ್ಟೇ ರೀ. ನಿಮ್ಮ ಅಪ್ಪಾರು ಬೊಗಸೆ ತುಂಬ ತಿಂತಿದ್ರು.”

ಬಾಯಿಗೆ ಬಂದುಬಿಟ್ಟಿತು. ಅವರು ಅದನ್ನು ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡರು. ಮಿಕ್ಕಿದ್ದು ನೇವಿಯವರ ಮಕ್ಕಳಿಗೆ ಹೋಯಿತು. ಭಕ್ತಿ ಆ ವಾರದಿಂದಲೇ ಇಳಿಯತೊಡಗಿತು, ಹುಣ್ಣಿಮೆ ಯಾವಾಗ ಎಂಬುದೂ ಮರೆತುಹೋಯಿತು. ಅದರ ಹಿಂದೆಯೇ ನಿಧಾನವಾಗಿ ಕೊಲೆಸ್ಟರಾಲೂ ಇಳಿಯಿತು. ಹೊಸ ರಿಪೋರ್ಟು ಹಿಡಿದು ಬಂದ ದಿನ, “ಎಲ್ಲಾ ನರಸಿಂಹಸ್ವಾಮಿ ದಯಾ,” ಎಂದರು. ಅದಂತೂ ನಿಜವೇ. ಆದರೆ ಆ ದಯೆ ಬಿಳಿ ಸೀರೆ ಉಟ್ಟು, ದೊಡ್ಡ ದನಿಯಲ್ಲಿ ಬೈಯುತ್ತಿತ್ತು ಎಂದು ನಾನು ಹೇಳಿದೆ.

“ಮುಂದಿನ ತಿಂಗಳೂ ಬರಬೇಕಂತ,” ಎಂದು ಮುಖ ಸಣ್ಣ ಮಾಡಿದರು.

“ಹೋಗೋಣ್ರೀ,” ಎಂದೆ. ಅಷ್ಟರಲ್ಲಿ ಹಿತ್ತಲ ನಳದಲ್ಲಿ ನೀರು ಬಂದ ಸಪ್ಪಳ ಕೇಳಿತು. ಕೊಡ ಎತ್ತಿಕೊಂಡು ಹೋದೆ.